ಗುಜರಿಯಿಂದ ಒಡವೆ: ಮೈಸೂರು, ಮಂಡ್ಯದ ಕಡೆ ಯಾವ ಸಾಮಗ್ರಿ, ಎಷ್ಟು ಬೆಲೆ?

ಕಲಾ ಶಿಕ್ಷಕಿ, ಸರಸ್ವತಿಪುರಂ:

ಮೈಸೂರಿನಲ್ಲಿ ನನಗೆ ಪರಿಚಯವಿರುವ ಕೆಲವು ಮಹಿಳೆಯರು ಒಟ್ಟುಗೂಡಿ, ಬಳಸಿ ಬಿಸಾಡಿದ ವಸ್ತುಗಳಿಂದ ಇಂದಿನ ಉಡುಪಿಗೆ ಒಪ್ಪುವ ಒಡವೆಗಳನ್ನೂ ಸಣ್ಣಪುಟ್ಟ ಕಲಾವಸ್ತುಗಳನ್ನೂ ತಯಾರಿಸತೊಡಗಿದ್ದಾರೆ. ವಿನ್ಯಾಸದಲ್ಲಿ ಅವರಿಗೆ ನೆರವಾಗುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ಪತ್ರಿಕೆಯನ್ನು ಸುತ್ತಿ ಮಾಡಿದ ಮಣಿ, ಸೋಡಾ ಬಾಟಲಿಯ ಮುಚ್ಚಳದ ಓಲೆ, ಸಿ.ಡಿ. ಚೂರುಗಳಿಂದ ಅಲಂಕರಿಸಿದ ಕನ್ನಡಿ ಇಂಥವು ಈಗ ಎಲ್ಲ ಊರುಗಳಲ್ಲೂ ದೊರೆಯುತ್ತವೆ. ಅವನ್ನೇ ನಾವೂ ಮಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಆದ್ದರಿಂದ ಎರಡು ವಿಷಯಗಳನ್ನು ಕೇಳುತ್ತಿದ್ದೇನೆ. ನಮ್ಮ ಎರಡು ಜಿಲ್ಲೆಗಳಲ್ಲಿ ಹೇರಳವಾಗಿ ಸಿಗುವ, ಬೇರೆಯವರಿಗೆ ಅಷ್ಟು ಸುಲಭವಾಗಿ ದಕ್ಕದ ತ್ಯಾಜ್ಯ ಯಾವುದು? ಕಚ್ಚಾವಸ್ತುವಿಗೆ ಬೆಲೆಯೇ ಇಲ್ಲದ ಒಡವೆಗೆ ಬೆಲೆ ಕಟ್ಟುವುದು ಹೇಗೆ? ದಸರಾ ಸಮಯದಲ್ಲಿ ಹಾಕಿದ್ದ ಮಳಿಗೆಯಲ್ಲಿ ತಾಮ್ರದ ತಂತಿಯ ಹಾರವೊಂದನ್ನು ಕೈಗೆತ್ತಿಕೊಂಡು ಮೆಚ್ಚಿದವರು, ಬೆಲೆ ಕೇಳಿದ ಕೂಡಲೇ "ಇದು ಹಳೇ ವೈರ್ ಅಲ್ಲವೇ, ಇಷ್ಟೇಕೆ?" ಎಂದು ಕೆಳಗಿಟ್ಟು ಹೋದರು. ಹಾರ ಚೆನ್ನಾಗಿಲ್ಲವೆಂದು ಒಬ್ಬರೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

ಅಕ್ಕಸಾಲಿಗ, ಅಶೋಕ ರಸ್ತೆ:

ನಮ್ಮ ಕಸುಬಿಗೆ ಮರುಬಳಕೆ ಹೊಸದಲ್ಲ. ಅಕ್ಕಸಾಲೆಯ ನೆಲ ಗುಡಿಸಿದ ಧೂಳು, ಅರದಿಂದ ಉದುರಿದ ಪುಡಿ, ಕೈ ತೊಳೆದ ನೀರಿನ ಗಸಿ, ಒಡೆದ ಮೂಸೆಯ ಚೂರು ಇವನ್ನೆಲ್ಲ ಕೂಡಿಟ್ಟು ಜಲಗಾರರಿಗೆ ಕೊಡುತ್ತಿದ್ದ ಕಾಲವಿತ್ತು. ಅವರು ಆ ಮಣ್ಣನ್ನು ತೊಳೆದು, ಸೋಸಿ, ಅದರಿಂದಲೇ ಚಿನ್ನ ತೆಗೆದು ಬದುಕುತ್ತಿದ್ದರು. ಮನೆಯ ಹಳೆಯ ಸರ ಕರಗಿ ಹೊಸ ಬಳೆಯಾಗುವುದಂತೂ ನಿತ್ಯದ ಮಾತು. ಹೀಗಾಗಿ ಹಳೆಯ ವಸ್ತುವಿನಿಂದ ಮಾಡಿದ್ದು ಎಂಬ ಕಾರಣಕ್ಕೇ ಜನ ನಿಮ್ಮ ಹಾರವನ್ನು ಬೇಡವೆಂದರು ಎಂದು ನಾನು ಒಪ್ಪುವುದಿಲ್ಲ.

ನಿಜವಾದ ತೊಡಕು ಕೂಲಿಯದು. ಚಿನ್ನದ ಒಡವೆಯಲ್ಲಿ ನಮ್ಮ ಕೂಲಿ ಲೋಹದ ತೂಕದ ಹಿಂದೆ ಅಡಗಿರುತ್ತದೆ. ವೇಸ್ಟೇಜ್, ಮೇಕಿಂಗ್ ಚಾರ್ಜ್ ಎಂದು ಬಿಲ್ಲಿನಲ್ಲಿ ಬರೆದರೂ ಅವೆರಡೂ ಹೆಚ್ಚಾಗಿ ಚಿನ್ನದ ತೂಕ, ಬೆಲೆಗಳ ಲೆಕ್ಕದಲ್ಲೇ ಬರುವುದರಿಂದ, ಕೊಳ್ಳುವವರು ಅದನ್ನು ಚಿನ್ನದ ಬೆಲೆಯ ಭಾಗವೆಂದೇ ಭಾವಿಸಿ ಕೊಟ್ಟುಬಿಡುತ್ತಾರೆ. ತಾಮ್ರದ ತಂತಿಯಲ್ಲಿ ಆ ಮರೆ ಇಲ್ಲ. ಅಲ್ಲಿ ಬೆಲೆಯೆಲ್ಲವೂ ಕೈಕೆಲಸದ್ದೇ. ಒಬ್ಬ ಮನುಷ್ಯನ ಒಂದು ದಿನದ ದುಡಿಮೆಗೆ ಇಷ್ಟು ಕೊಡಿ ಎಂದು ನೇರವಾಗಿ ಕೇಳಿದರೆ ಕೊಡುವ ಅಭ್ಯಾಸ ನಮ್ಮ ಪೇಟೆಯಲ್ಲಿ ಬೆಳೆದಿಲ್ಲ. ಇದನ್ನು ನಾನು ನಿಮ್ಮ ಮೇಲಿನ ಅನುಕಂಪದಿಂದ ಹೇಳುತ್ತಿಲ್ಲ, ಬೆಳ್ಳಿಯ ಕುಸುರಿ ಕೆಲಸ ಮಾಡುವ ನಮಗೂ ಇದೇ ಕಷ್ಟವಿದೆ.

ಗ್ರಾಹಕಿ, ಕುವೆಂಪುನಗರ:

ಕೊಳ್ಳುವವರ ಕಡೆಯಿಂದಲೂ ಒಂದು ಮಾತು ಕೇಳಿ. ನನ್ನ ತಾಯಿ, ಅತ್ತೆ ಇಬ್ಬರೂ ಒಡವೆಯನ್ನು ಅಂದಕ್ಕಾಗಿ ಮಾತ್ರ ಕೊಂಡವರಲ್ಲ. ಮಕ್ಕಳ ಶಾಲಾ ಶುಲ್ಕಕ್ಕೆ, ಆಸ್ಪತ್ರೆಯ ಖರ್ಚಿಗೆ, ಕಬ್ಬಿನ ಬಾಕಿ ಹಣ ತಡವಾದ ವರ್ಷ ಬಿತ್ತನೆಗೆ, ಗಿರವಿ ಇಡಲು ಬಂದದ್ದು ಆ ಎರಡು ಬಳೆಗಳೇ. ಹೆಂಗಸಿನ ಹೆಸರಿನಲ್ಲಿ ಜಮೀನು ಇಲ್ಲದ ಮನೆಗಳಲ್ಲಿ ಅವಳದೆನ್ನುವ ಆಸ್ತಿ ಅಷ್ಟೇ. ತಾಮ್ರದ ತಂತಿಯ ಹಾರ ಎಷ್ಟೇ ಕಲಾತ್ಮಕವಾಗಿರಲಿ, ಗಿರವಿ ಅಂಗಡಿಯಲ್ಲಿ ಅದಕ್ಕೆ ಏನು ಸಿಗುತ್ತದೆ? ಇದನ್ನು ಅಭಿರುಚಿಯ ಕೊರತೆ ಎಂದು ತಳ್ಳಿಹಾಕಿದರೆ ಚರ್ಚೆ ಮುಂದಕ್ಕೆ ಹೋಗುವುದಿಲ್ಲ.

ಕಲಾ ಇತಿಹಾಸದ ವಿದ್ಯಾರ್ಥಿ, ಮೈಸೂರು:

ಮೇಲಿನವರು ಎತ್ತಿದ ಪ್ರಶ್ನೆಯನ್ನು ಯುರೋಪಿನ ಒಡವೆ ಕಲಾವಿದರು ಅರ್ಧ ಶತಮಾನದಿಂದ ಬೇರೆ ದಿಕ್ಕಿನಿಂದ ಕೆದಕುತ್ತ ಬಂದಿದ್ದಾರೆ. ನೆದರ್ಲೆಂಡ್ಸ್‌ನ ಹೈಸ್ ಬಕ್ಕರ್ ಮತ್ತು ಎಮ್ಮಿ ವಾನ್ ಲೇರ್ಸುಮ್ ದಂಪತಿ 1960ರ ದಶಕದಲ್ಲಿ ಅಲ್ಯೂಮಿನಿಯಂನಿಂದ ದೊಡ್ಡ ಕೊರಳಪಟ್ಟಿಗಳನ್ನು ಮಾಡಿ, ಒಡವೆಯ ಬೆಲೆಯನ್ನು ಲೋಹದ ಬೆಲೆಯಿಂದ ಬಿಡಿಸಲು ಹೊರಟರು. ಸ್ವಿಟ್ಜರ್ಲೆಂಡಿನ ಓಟ್ಟೊ ಕ್ಯುನ್‌ಜ್ಲಿ 1980ರಲ್ಲಿ ಮಾಡಿದ ಕಪ್ಪು ರಬ್ಬರಿನ ಕೈಬಳೆಯ ಒಳಗೆ ಚಿನ್ನದ ಗುಂಡೊಂದು ಇದೆ, ಆದರೆ ಹೊರಗಿನಿಂದ ಕಾಣುವುದು ಒಂದು ಉಬ್ಬು ಮಾತ್ರ. ಚಿನ್ನ ಅಲ್ಲಿದೆಯೆಂದು ನಂಬಿ ತೊಡಬೇಕು, ನೋಡಬೇಕೆಂದರೆ ರಬ್ಬರು ಸವೆಯುವವರೆಗೆ ಕಾಯಬೇಕು. ನಮ್ಮ ಕಡೆಯ ಮದುವೆ ಮನೆಯಲ್ಲಿ ಇದನ್ನು ತೊಟ್ಟು ಬಂದವರನ್ನು ಹಿರಿಯರು ಏನೆಂದು ಕೇಳುತ್ತಿದ್ದರೋ ಊಹಿಸಿಕೊಳ್ಳಬಹುದು. ಸ್ವಿಟ್ಜರ್ಲೆಂಡಿನವರೇ ಆದ ಬರ್ನ್‌ಹಾರ್ಡ್ ಶೋಬಿಂಗರ್ ಒಡೆದ ಬಾಟಲಿಗಳ ಕುತ್ತಿಗೆಗಳನ್ನು ಪೋಣಿಸಿ ಹಾರ ಮಾಡಿದರು.

ಕಲಾವಸ್ತುಗಳ ವಿಷಯಕ್ಕೆ ಬಂದರೆ, ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಕೆಲಸ ಮಾಡಿದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಮುಚ್ಚಳಗಳನ್ನು ಚಪ್ಪಟೆ ಬಡಿದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆದು, ಗೋಡೆ ತುಂಬುವ ಜರತಾರಿ ಬಟ್ಟೆಯಂಥ ಕೃತಿಗಳನ್ನು ಮಾಡುತ್ತಾರೆ. ನಮ್ಮ ದೇಶದಲ್ಲೇ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ 1957ರಿಂದ ಯಾರಿಗೂ ತಿಳಿಯದಂತೆ ಚಂಡೀಗಢದ ಅರಣ್ಯದಲ್ಲಿ ಒಡೆದ ಬಳೆ, ಪಿಂಗಾಣಿ ಚೂರು, ಕಟ್ಟಡದ ಅವಶೇಷಗಳಿಂದ ಪ್ರತಿಮೆಗಳನ್ನು ನಿಲ್ಲಿಸುತ್ತ ಹೋದರು. 1976ರಲ್ಲಿ ಅದು ರಾಕ್ ಗಾರ್ಡನ್ ಎಂದು ಸಾರ್ವಜನಿಕರಿಗೆ ತೆರೆಯಿತು. ಈ ಇಬ್ಬರ ಕೆಲಸದಲ್ಲೂ ವಸ್ತು ಅಗ್ಗದ್ದು ಎಂಬ ಮಾತು ನೋಡುವವರ ತಲೆಗೆ ಬರುವುದೇ ಇಲ್ಲ, ಏಕೆಂದರೆ ಕೈಕೆಲಸದ ಪ್ರಮಾಣ ಅಷ್ಟು ದೊಡ್ಡದು.

ಇನ್‌ಲೇ ಕೆಲಸಗಾರ, ಮೈಸೂರು:

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ, ಅಂದರೆ ಮರದಲ್ಲಿ ಬೇರೆ ಬಣ್ಣದ ತುಣುಕು ಕೂರಿಸಿ ಚಿತ್ರ ಮಾಡುವ ಕೆಲಸಕ್ಕೆ, ಭೌಗೋಳಿಕ ಗುರುತು (ಜಿ.ಐ.) ದೊರೆತಿದೆ. ಅರಮನೆಯ ಬೀಟೆ ಬಾಗಿಲುಗಳಲ್ಲಿ ಕಾಣುವಂತೆ ಹಿಂದೆ ಬಿಳಿಯ ಭಾಗಕ್ಕೆ ದಂತ ಕೂರಿಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986ರ ತಿದ್ದುಪಡಿಯಿಂದ ಭಾರತೀಯ ದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕಾದ ದಂತದ ವ್ಯಾಪಾರವೂ ನಿಂತುಹೋದ ಮೇಲೆ ಬಿಳಿಗೆ ಪ್ಲಾಸ್ಟಿಕ್ ಬಂತು, ಉಳಿದ ಬಣ್ಣಗಳಿಗೆ ಹಲಸು, ಮಾವು, ಸಂಪಿಗೆ ಮುಂತಾದ ಮರಗಳ ಸಹಜ ಬಣ್ಣವನ್ನೇ ಬಳಸುತ್ತೇವೆ. ಬಹಳ ಜನಕ್ಕೆ ತಿಳಿಯದ ಸಂಗತಿಯೆಂದರೆ, ಚಿತ್ರ ಕತ್ತರಿಸಿದ ಮೇಲೆ ಉಳಿಯುವ ಚೂರುಗಳು ಬೆರಳಿನ ಉಗುರಿನಷ್ಟು ಸಣ್ಣವಾದರೂ ಪಕ್ಕಾ ಒಣಗಿದ, ಸೀಳು ಬಿಡದ, ಈಗಾಗಲೇ ನಯಗೊಳಿಸಿದ ಮರದ ತುಣುಕುಗಳು. ಅವು ಒಲೆಗೆ ಹೋಗುತ್ತವೆ. ಪದಕಕ್ಕೆ, ಓಲೆಗೆ, ಉಂಗುರದ ಮೇಲ್ಭಾಗಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಬೇಕಿಲ್ಲ.

ಎರಡು ಎಚ್ಚರಿಕೆಗಳಿವೆ. ಬೀಟೆಯ ಧೂಳು ಕೆಲವರ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ, ಆದ್ದರಿಂದ ಉಜ್ಜುವಾಗ ಮುಖಗವಸು ಬೇಕೇ ಬೇಕು, ಮತ್ತು ತೊಟ್ಟವರ ಮೈಗೆ ತಾಗುವ ಹಿಂಬದಿಗೆ ಅರಗು ಅಥವಾ ಮೇಣದ ಲೇಪ ಇರಬೇಕು. ಇನ್ನೊಂದು, ಚೂರನ್ನು ಎಲ್ಲಿಂದ ತಂದಿರೆಂಬುದಕ್ಕೆ ಬಿಲ್ಲು ಇಟ್ಟುಕೊಳ್ಳಿ. ಬೀಟೆಯ ಇಡೀ ಕುಲವೇ 2017ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. ವಿದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಮೊದಲೇ ವಿಚಾರಿಸಬೇಕು.

ರೇಷ್ಮೆ ಬೆಳೆಗಾರ್ತಿ, ಮಳವಳ್ಳಿ ಕಡೆ:

ಇಷ್ಟು ಹೊತ್ತು ರೇಷ್ಮೆಯ ಹೆಸರನ್ನು ಯಾರೂ ಎತ್ತದಿರುವುದು ಆಶ್ಚರ್ಯ. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆ ಪಡೆಯಲು ಚಿಟ್ಟೆಯನ್ನು ಗೂಡಿನಿಂದ ಹೊರಬರಲು ಬಿಡಲೇಬೇಕು. ಅದು ಒಂದು ತುದಿಯನ್ನು ಒದ್ದೆಮಾಡಿ ತೂತು ಕೊರೆದು ಬರುತ್ತದೆ. ಹಾಗೆ ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲಾಗುವುದಿಲ್ಲವಾದ್ದರಿಂದ ಅದು ಕಡಿಮೆ ಬೆಲೆಗೆ ಹೋಗುತ್ತದೆ. ಜೋಡಿ ಗೂಡು, ಕಲೆಯಾದ ಗೂಡು, ತೆಳು ಗೂಡುಗಳ ಕಥೆಯೂ ಅದೇ. ಸಮಾರಂಭಗಳಲ್ಲಿ ಅತಿಥಿಗಳಿಗೆ ಹಾಕುವ ಗೂಡಿನ ಹಾರವನ್ನು ಎಲ್ಲರೂ ನೋಡಿದ್ದೀರಿ, ಆದರೆ ಅದರ ವಿನ್ಯಾಸ ಅಲ್ಲಿಗೇ ನಿಂತುಹೋಗಿದೆ. ಗೂಡನ್ನು ಅಡ್ಡಲಾಗಿ ಕೊಯ್ದರೆ ಉಂಗುರಗಳು, ಉದ್ದಕ್ಕೆ ಸೀಳಿದರೆ ದಳಗಳು, ಪದರ ಬಿಡಿಸಿದರೆ ಬೆಳಕು ಹಾಯುವಷ್ಟು ತೆಳ್ಳನೆಯ ಹಾಳೆಗಳು ಸಿಗುತ್ತವೆ.

ಬಣ್ಣದ ಬಗ್ಗೆ ತಿಳಿದಿರಬೇಕಾದದ್ದು ಒಂದಿದೆ. ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗೂಡು ಬಿಳಿ, ಮೈಸೂರು ತಳಿಯದು ಹಸಿರು ಬೆರೆತ ಹಳದಿ, ಅದರ ಮಿಶ್ರತಳಿಯದು ಹಳದಿ. ಆ ಹಳದಿ ಇರುವುದು ಹೆಚ್ಚಾಗಿ ಎಳೆಯನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದಿನಲ್ಲಿ. ಗೂಡಿಗೆ ಬಿಗುವು ಕೊಡುವುದೂ ಅದೇ ಗೋಂದು. ಸೋಪು ಅಥವಾ ಸೋಡಾ ಹಾಕಿ ಕುದಿಸಿದರೆ ಬಣ್ಣವೂ ಹೋಗುತ್ತದೆ, ಆಕಾರವೂ ಹೋಗುತ್ತದೆ. ಬಣ್ಣ ಹಾಕಲೇಬೇಕೆಂದರೆ ಬಿಳಿ ಗೂಡು ತೆಗೆದುಕೊಂಡು ಕುದಿಯದ ನೀರಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಅದ್ದಬೇಕು. ನನ್ನ ಅಭಿಪ್ರಾಯದಲ್ಲಿ ಹಳದಿಯನ್ನು ಹಾಗೆಯೇ ಬಿಡುವುದು ಚೆಂದ, ಬಿಸಿಲಿಗೆ ಅದು ಮಾಸುತ್ತದೆಂದು ಕೊಳ್ಳುವವರಿಗೆ ಮೊದಲೇ ಹೇಳಿದರಾಯಿತು.

ಇನ್ನು ಹುಳುಗಳನ್ನು ಗೂಡು ಕಟ್ಟಲು ಬಿಡುವ ಹಳೆಯ ಬಿದಿರಿನ ತಟ್ಟೆಗಳು, ಅಂದರೆ ಚಂದ್ರಿಕೆಗಳು. ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಎಷ್ಟೋ ಮನೆಗಳ ಅಟ್ಟದಲ್ಲಿ ಅವು ಧೂಳು ತಿನ್ನುತ್ತಿವೆ. ಸುರುಳಿಯಾಗಿ ಬಾಗಿ ವರ್ಷಗಟ್ಟಲೆ ಹಾಗೇ ನಿಂತ ಬಿದಿರಿನ ಆ ಪಟ್ಟಿಗಳು ಗೋಡೆಯ ಕಲಾಕೃತಿಗೂ ದೀಪದ ಮುಸುಕಿಗೂ ತಾವಾಗಿಯೇ ಒದಗುತ್ತವೆ.

ಗ್ರಾಹಕಿ, ಕುವೆಂಪುನಗರ:

ಗೂಡಿನ ಓಲೆಯನ್ನು ನಾನು ಕೊಳ್ಳುತ್ತೇನೆ. ಆದರೆ ಮಳೆಗೆ ಸಿಕ್ಕರೆ, ಪರ್ಸಿನಲ್ಲಿ ಒತ್ತಿಹೋದರೆ ಏನು ಗತಿ?

ರೇಷ್ಮೆ ಬೆಳೆಗಾರ್ತಿ, ಮಳವಳ್ಳಿ ಕಡೆ:

ಒಂದೆರಡು ಹನಿಗೆ ಏನೂ ಆಗದು. ನೆನೆದರೆ ಮೆತ್ತಗಾಗುತ್ತದೆ, ಬೆರಳಿನಿಂದ ಆಕಾರ ತಿದ್ದಿ ನೆರಳಿನಲ್ಲಿ ಒಣಗಿಸಿದರೆ ಮತ್ತೆ ಬಿಗಿಯಾಗುತ್ತದೆ. ಒತ್ತಿಹೋಗದಂತೆ ಒಳಗೆ ತಂತಿಯ ಚೌಕಟ್ಟು ಕೊಡುವುದು ಅಕ್ಕಸಾಲಿಗರ ಕೆಲಸ.

ಮಗಳಿಗಾಗಿ ಕೇಳುತ್ತಿರುವವರು, ಮಂಡ್ಯ:

ಹಳೆಯ ಮೊಬೈಲ್ ಮತ್ತು ಕಂಪ್ಯೂಟರ್ ಬೋರ್ಡುಗಳಲ್ಲಿ ಚಿನ್ನವಿದೆ, ಆಸಿಡ್ ಹಾಕಿ ಮನೆಯಲ್ಲೇ ತೆಗೆಯಬಹುದು ಎಂಬ ವಿಡಿಯೋಗಳನ್ನು ನೋಡಿ ಮಗಳು ಉತ್ಸಾಹಗೊಂಡಿದ್ದಾಳೆ. ಹಾಗೆ ತೆಗೆದ ಚಿನ್ನದಿಂದಲೇ ಉಂಗುರ ಮಾಡಿದರೆ ಗಿರವಿಯ ಪ್ರಶ್ನೆಗೂ ಉತ್ತರ ಸಿಕ್ಕಂತಾಗುವುದಿಲ್ಲವೇ?

ರಸಾಯನಶಾಸ್ತ್ರದ ಉಪನ್ಯಾಸಕ, ಮಂಡ್ಯ:

ದಯವಿಟ್ಟು ಬೇಡ. ಬೋರ್ಡಿನಲ್ಲಿ ಚಿನ್ನವಿರುವುದು ನಿಜ, ಆದರೆ ಅದರ ಪ್ರಮಾಣವನ್ನು ತಿಳಿಯಲು ಹಳೆಯ ಉಪಕರಣಗಳ ಲೋಹದಿಂದಲೇ ಮಾಡಿದ ಟೋಕಿಯೋ 2020 ಒಲಿಂಪಿಕ್ಸ್ ಪದಕಗಳ ಲೆಕ್ಕ ನೋಡಿ. 2017ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗೆ ಜಪಾನಿನಾದ್ಯಂತ ಸುಮಾರು 79 ಸಾವಿರ ಟನ್ ಹಳೆಯ ವಿದ್ಯುನ್ಮಾನ ಉಪಕರಣಗಳನ್ನು, ಅವುಗಳೊಂದಿಗೆ 62 ಲಕ್ಷ ಮೊಬೈಲ್‌ಗಳನ್ನು ಸಂಗ್ರಹಿಸಿ, ಸುಸಜ್ಜಿತ ಘಟಕಗಳಲ್ಲಿ ಸಂಸ್ಕರಿಸಿದಾಗ ಬಂದ ಚಿನ್ನ ಸುಮಾರು 32 ಕೆ.ಜಿ., ಬೆಳ್ಳಿ 3,500 ಕೆ.ಜಿ., ಕಂಚು 2,200 ಕೆ.ಜಿ. ನಿಮ್ಮ ಮನೆಯ ಡ್ರಾಯರಿನಲ್ಲಿರುವ ಮೂರು ಮೊಬೈಲುಗಳಿಂದ ಏನು ಬರಬಹುದೆಂದು ಭಾಗಿಸಿ ನೋಡಬಹುದು. ಅದಕ್ಕಾಗಿ ನೈಟ್ರಿಕ್ ಆಮ್ಲದಿಂದ ಏಳುವ ಕಂದು ಹೊಗೆಯನ್ನು ಉಸಿರಾಡಿ, ಉಳಿದ ದ್ರಾವಣವನ್ನು ಮೋರಿಗೆ ಸುರಿಯಬೇಕಾಗುತ್ತದೆ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಈ ಕೆಲಸ ನೋಂದಾಯಿತ ಮರುಬಳಕೆದಾರರದು.

ಬೋರ್ಡನ್ನೇ ಕತ್ತರಿಸಿ ಪದಕ ಮಾಡುವವರಿಗೂ ಹೇಳುವುದಿದೆ. ಅದು ಗಾಜಿನ ನಾರು ಮತ್ತು ಎಪಾಕ್ಸಿ ಎಂಬ ಗಟ್ಟಿ ಅಂಟಿನ ಹಾಳೆ. ನೀರಿಲ್ಲದೆ ಗರಗಸ ಹಾಕಿದರೆ ಗಾಜಿನ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಆದ್ದರಿಂದ ನೀರು ಹಾಕುತ್ತ ಕತ್ತರಿಸಬೇಕು. ಯುರೋಪಿನಲ್ಲಿ ಸೀಸದ ಬೆಸುಗೆಗೆ ನಿರ್ಬಂಧ ಬಂದದ್ದು 2006ರ ಜುಲೈಯಲ್ಲಿ. ಅದಕ್ಕಿಂತ ಹಿಂದಿನ ಬೋರ್ಡುಗಳಲ್ಲಿ ಸೀಸವಿದೆಯೆಂದೇ ಭಾವಿಸುವುದು ಕ್ಷೇಮ. ಮಕ್ಕಳಿಗೆ ಇಂಥದ್ದನ್ನು ತೊಡಿಸಲೇಬಾರದು.

ತಾಮ್ರಕ್ಕಾಗಿ ವೈರುಗಳನ್ನು ಬಯಲಿನಲ್ಲಿ ಸುಡುವುದನ್ನು ಗುಜರಿಗಳಲ್ಲಿ ಕಾಣುತ್ತೇವೆ. ವೈರಿನ ಮೇಲ್ಪದರ ಪಿ.ವಿ.ಸಿ.; ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಬರುತ್ತದೆ, ವಿಷಕಾರಿ ಡಯಾಕ್ಸಿನ್‌ಗಳೂ ಉಂಟಾಗುತ್ತವೆ. ಚಾಕುವಿನಿಂದ ಸುಲಿಯುವುದೊಂದೇ ಸರಿಯಾದ ಮಾರ್ಗ. ಮೋಟಾರಿನ ತಂತಿಯ ಮೇಲಿರುವ ಹೊಳಪು ತಾಮ್ರದ್ದಲ್ಲ, ಅದು ಎನಾಮಲ್ ಲೇಪ, ಅದನ್ನೂ ಕಾಸಬಾರದು.

ಎರಕದ ಕೆಲಸದವರು, ನಾಗಮಂಗಲ:

ಹಿತ್ತಾಳೆಯ ಹಳೆಯ ನಲ್ಲಿ, ಬೀಗಗಳನ್ನು ಕರಗಿಸಿ ಎರಕ ಹೊಯ್ಯುವ ಆಸೆ ಕೆಲವರಿಗೆ ಇರುತ್ತದೆ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದರಿಂದ ಹಿತ್ತಾಳೆ ಕರಗುವಷ್ಟರಲ್ಲಿ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದ ರಾತ್ರಿ ಚಳಿಜ್ವರ ಬರುತ್ತದೆ. ನಲ್ಲಿಯ ಹಿತ್ತಾಳೆಯಲ್ಲಿ ಸೀಸವೂ ಬೆರೆತಿರುತ್ತದೆ. ಮನೆಯಲ್ಲಿ ಕರಗಿಸದೆ, ಜೇನುಮೇಣದಲ್ಲಿ ನಿಮ್ಮ ವಿನ್ಯಾಸ ಮಾಡಿಕೊಂಡು ಕುಲುಮೆ ಇರುವವರ ಹತ್ತಿರ ತನ್ನಿ, ಅದರಿಂದ ಅಚ್ಚು ಮಾಡಿ ಅವರು ಎರಕ ಹೊಯ್ಯುತ್ತಾರೆ.

ಜರಿ ಸೀರೆಗಳ ಆಸಕ್ತೆ, ಚಾಮರಾಜಪುರಂ:

ನನ್ನದು ಬೇರೆಯೇ ಸಲಹೆ. 1912ರಲ್ಲಿ ಆರಂಭವಾದ ನಮ್ಮ ರೇಷ್ಮೆ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆಂದು ಅದನ್ನು ನಡೆಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆ.ಎಸ್.ಐ.ಸಿ.) ಹೇಳುತ್ತದೆ. ರೇಷ್ಮೆ ಜೀರ್ಣವಾದ ಮೇಲೂ ಅಂಚು ಗಟ್ಟಿಯಾಗಿರುತ್ತದೆ. ಹಳೆಯ ಜರಿ ಕೊಳ್ಳುವವರು ಬೀದಿಗೆ ಬಂದು ಸೀರೆ ತೂಗಿ ಕೊಂಡು, ಸುಟ್ಟು, ಬೆಳ್ಳಿ ತೆಗೆಯುತ್ತಾರೆ. ಆ ಬೆಂಕಿಯಲ್ಲಿ ಹೋಗುವುದು ನೇಯ್ಗೆ, ಅಂದರೆ ಸೀರೆಯಲ್ಲಿದ್ದ ಕೈಕೆಲಸವೆಲ್ಲ. ಅಂಚನ್ನು ಕತ್ತರಿಸಿ, ಹಿಂಬದಿಗೆ ಬಟ್ಟೆ ಕೊಟ್ಟು, ಬೆಳ್ಳಿಯ ಚೌಕಟ್ಟಿನಲ್ಲಿ ಕೂರಿಸಿದರೆ ಅಗಲವಾದ ಕೈಕಟ್ಟು ಅಥವಾ ಕೊರಳಪಟ್ಟಿ ಆಗುತ್ತದೆ. ಇದರಲ್ಲಿ ಬೆಳ್ಳಿಯ ಬೆಲೆಯೂ ಸ್ವಲ್ಪ ಉಳಿದಿರುವುದರಿಂದ ಕುವೆಂಪುನಗರದವರ ಆಕ್ಷೇಪಕ್ಕೆ ಅರ್ಧ ಉತ್ತರವಾದರೂ ಸಿಗುತ್ತದೆ.

ಕಲಾ ಶಿಕ್ಷಕಿ, ಸರಸ್ವತಿಪುರಂ:

ಒಡೆದ ಗಾಜಿನ ಬಳೆಗಳನ್ನು ಕರಗಿಸಿ ಬೆಸೆಯಲು ನಮ್ಮವರು ಪ್ರಯತ್ನಿಸಿದಾಗ ತಣಿದ ಮೇಲೆ ಬಿರುಕು ಬಿಟ್ಟಿತು. ಬೇರೆ ಬೇರೆ ಕಡೆಯ ಗಾಜು ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದೇ ಕಾರಣವೆಂದು ಓದಿ ತಿಳಿದೆ. ಈಗ ಅದನ್ನು ಬಿಟ್ಟು, ಚೂರುಗಳ ಅಂಚನ್ನು ನೀರು ಹಾಕಿ ಕಲ್ಲಿನ ಮೇಲೆ ಉಜ್ಜಿ, ಅರಗಿನಲ್ಲಿ ಕೂರಿಸುತ್ತಿದ್ದೇವೆ. ಇದು ನೋಡಲೂ ಚೆನ್ನಾಗಿದೆ. ಗೂಡು, ಬೀಟೆ ಚೂರು, ಜರಿಯ ಅಂಚು ಈ ಮೂರನ್ನೇ ಮುಖ್ಯವಾಗಿಟ್ಟುಕೊಳ್ಳುವುದೆಂದು ನಾವು ನಿರ್ಧರಿಸಿದ್ದೇವೆ. ಬೆಲೆಯ ಚೀಟಿಯಲ್ಲಿ ಸಾಮಗ್ರಿಗೆ ಇಷ್ಟು, ಎಷ್ಟು ಗಂಟೆಯ ಕೆಲಸ, ಗಂಟೆಗೆ ಇಷ್ಟು ಕೂಲಿ ಎಂದು ಬಿಡಿಸಿ ಬರೆಯುವ ಯೋಚನೆಯೂ ಇದೆ. ಅಕ್ಕಸಾಲಿಗರು ಹೇಳಿದ ಮರೆಯನ್ನು ನಾವು ಹೇಗೂ ಕಟ್ಟಲಾರೆವು, ಬದಲಿಗೆ ಬಯಲಲ್ಲೇ ಇಡೋಣ ಎನಿಸಿತು.

ಗ್ರಾಹಕಿ, ಕುವೆಂಪುನಗರ:

ಗಂಟೆಯ ಲೆಕ್ಕ ಬರೆದರೆ ಚೌಕಾಸಿ ನಿಲ್ಲುತ್ತದೆಂದು ನಾನು ನಂಬುವುದಿಲ್ಲ, ಗಂಟೆಯ ಮೇಲೇ ಚೌಕಾಸಿ ಶುರುವಾಗುತ್ತದೆ. ನನಗೆ ಬೇಕಾದದ್ದು ಬೇರೆ. ಚಿನ್ನದಂಗಡಿಯವರು ಹಳೆಯದನ್ನು ವಾಪಸು ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. ನೀವು ಅದನ್ನು ಹೇಳಲಾರಿರಿ. ಹಾಗಾದರೆ ಕಿತ್ತುಹೋದ ಗೂಡನ್ನು ಬದಲಿಸಿಕೊಡುತ್ತೇವೆ, ಕೊಂಡಿ ಮುರಿದರೆ ಬೆಸೆದುಕೊಡುತ್ತೇವೆ ಎಂದು ಬರೆದುಕೊಡಿ. ಐದು ವರ್ಷ ರಿಪೇರಿ ಸಿಗುತ್ತದೆಂದಾದರೆ ನಾನು ವೈರಿನ ಹಾರಕ್ಕೂ ನೀವು ಕೇಳಿದ್ದನ್ನು ಕೊಡುತ್ತೇನೆ.

ಅಕ್ಕಸಾಲಿಗ, ಅಶೋಕ ರಸ್ತೆ:

ರಿಪೇರಿಯ ಭರವಸೆ ಕೊಡಬೇಕಾದರೆ ಬೆಸುಗೆ ಕಲಿಯಲೇಬೇಕು. ಅಂಟು ಹಾಕಿ ಕೂರಿಸಿದ್ದನ್ನು ಬಿಚ್ಚಿ ಮತ್ತೆ ಕೂರಿಸಲು ಬರುವುದಿಲ್ಲ. ಕಲಿಯಲು ಬರುವವರಿದ್ದರೆ ಭಾನುವಾರಗಳಲ್ಲಿ ನಾನು ಹೇಳಿಕೊಡುತ್ತೇನೆ. ಬರುವಾಗ ಮನೆ ವೈರಿಂಗಿನ ದಪ್ಪ ತಾಮ್ರದ ತಂತಿಯನ್ನು ಸುಲಿದು ತನ್ನಿ, ಎನಾಮಲ್ ತಂತಿ ಬೇಡ. ಅದನ್ನು ಮಂದ ಕೆಂಪಿಗೆ ಬರುವವರೆಗೆ ಕಾಸಿ ನೀರಿಗೆ ಅದ್ದಿದರೆ ಮೆದುವಾಗುತ್ತದೆ, ಕಪ್ಪನ್ನು ಹುಣಸೆಹಣ್ಣು ಮತ್ತು ಉಪ್ಪಿನಿಂದ ತೆಗೆಯಬಹುದು, ಬೇಕಾದ ಸಣ್ಣಕ್ಕೆ ನನ್ನ ಕಂಬಚ್ಚಿನಲ್ಲಿ (ತಂತಿ ಸಣ್ಣಗೆ ಎಳೆಯುವ ತೂತುಗಳ ಪಟ್ಟಿ) ಎಳೆದುಕೊಳ್ಳಬಹುದು. ತಾಮ್ರ ಬೆವರಿಗೆ ಹಸಿರು ಬಿಡುವುದರಿಂದ ಮೈಗೆ ತಾಗುವ ಕಡೆ ಮೇಣದ ಲೇಪವಿರಲಿ. ಕಿವಿಯ ತೂತಿಗೆ ಹೋಗುವ ಕೊಂಡಿ ಮಾತ್ರ ಯಾವ ಕಾರಣಕ್ಕೂ ಗುಜರಿಯದಾಗಬಾರದು. ಅಗ್ಗದ ಕೊಂಡಿಯ ನಿಕ್ಕಲ್ ಹಲವರಿಗೆ ತುರಿಕೆ ತರುತ್ತದೆ, ಅದಕ್ಕೆ ಬೆಳ್ಳಿಯನ್ನೇ ಹಾಕಿ.

ಕೊನೆಯದಾಗಿ ಮುದ್ರೆಯ ವಿಷಯ. ನಿಮ್ಮ ಗುಂಪಿನ ಗುರುತನ್ನು ಪ್ರತಿ ಒಡವೆಯ ಹಿಂದೆ ಒತ್ತಿರಿ. ಐದು ವರ್ಷದ ಮೇಲೆ ರಿಪೇರಿಗೆ ಬಂದಾಗ ಅದೇ ನಿಮ್ಮ ದಾಖಲೆಯಾಗುತ್ತದೆ. ಆದರೆ ಜರಿಯಿಂದಲೋ ಹಳೆಯ ಕಾಲುಂಗುರದಿಂದಲೋ ಬಂದ ಬೆಳ್ಳಿಯನ್ನು ಪರೀಕ್ಷೆ ಮಾಡಿಸದೆ ಅದರ ಮೇಲೆ 925 (ಸಾವಿರದಲ್ಲಿ 925 ಭಾಗ ಬೆಳ್ಳಿ) ಎಂದು ಒತ್ತಬೇಡಿ. ಚಿನ್ನಕ್ಕೆ 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ, 2 ಗ್ರಾಂಗಿಂತ ಕಡಿಮೆ ತೂಕದ ವಸ್ತುವಿಗೆ ವಿನಾಯಿತಿ ಇದೆ. ಬೀಟೆಯ ಪದಕದ ನಡುವೆ ಚಿನ್ನದ ಚುಕ್ಕಿ ಇಡುವ ವಿನ್ಯಾಸ ನಿಮ್ಮಲ್ಲಿ ಯಾರಾದರೂ ಮಾಡುವುದಾದರೆ, ತಗಡು ಕತ್ತರಿಸುವ ಮೊದಲು ನನಗೆ ತೋರಿಸಿ.